ಮುರು ಇಲ್ಲದ ಪಾದೆ

"ಮುರುವಾ? ಅಲ್ಲಿಯಾ?" ಎಂದು ದೇಯಿ ನಕ್ಕೇಬಿಟ್ಟಳು.

ಮೀನಿನ ಕಟ್ಟೆಯಲ್ಲಿ ಅಕ್ಕಪಕ್ಕ ಕುಳಿತಿದ್ದ ಹೆಂಗಸರು ತಿರುಗಿ ನೋಡಿದರು. ಒಂಬತ್ತು ದಿನಗಳಿಂದ ಉರ್ವ ಮಾರ್ಕೆಟಿನಲ್ಲಿ ದೇಯಿಯ ನಗು ಕೇಳಿದವರಿಲ್ಲ. ಅವಳ ಮಗ ಮೋಹನದಾಸ ಸಬ್ ಜೈಲಿನಲ್ಲಿದ್ದ. ಕಾಲೇಜಿನ ಪ್ರಾಣಿಶಾಸ್ತ್ರದ ಲೆಕ್ಚರರ್ ಯೂಸ್ಟೇಸ್ ಲೋಬೊ ಸಮುದ್ರದಲ್ಲಿ ಮುಳುಗು ಹಾಕಿದ್ದಾಗ, ಮೀನಿನ ಆಸೆಗೆ ಅಲ್ಲೇ ಮದ್ದಿನ ತೋಟೆ ಸಿಡಿಸಿದ ಎಂಬುದು ಅವನ ಮೇಲಿನ ಆರೋಪ. ಯೂಸ್ಟೇಸ್ ಅತ್ತಾವರದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಪಿಯುಸ್ ರೇಗೊ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಕೈಯಲ್ಲಿದ್ದ ಯೂಸ್ಟೇಸನ ನೋಟುಪುಸ್ತಕಕ್ಕೆ ಮೀನಿನ ನೀರು ತಾಗದ ಹಾಗೆ ಎತ್ತಿ ಹಿಡಿದರು. ಮದರಾಸು ಸರ್ಕಾರದ ಕಾಲದಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದು, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೂರನೆಯ ವರ್ಷ ನಿವೃತ್ತರಾದವರು ಅವರು. ನಿವೃತ್ತಿ ಕಾಗದದ ಮೇಲೆ ಮಾತ್ರ. ಯೂಸ್ಟೇಸನ ಅಕ್ಕ ಬಂದು, ಈ ಪುಸ್ತಕ ಕೊಟ್ಟು, ಕೈ ಹಿಡಿದು ಕೇಳಿಕೊಂಡ ಮೇಲೆ, ಮತ್ತೆ ಬೀದಿಗೆ ಇಳಿದಿದ್ದರು.

"ನಗುವಂಥದ್ದು ಎಂತ ಉಂಟು, ದೇಯಕ್ಕ? ಇದು ನಿಮ್ಮ ಯೂಸ್ಟೇಸ್ ಮಾಷ್ಟ್ರೇ ಬರೆದದ್ದು. ಇನ್ನೊಮ್ಮೆ ಓದ್ತೇನೆ, ಕೇಳಿ. 'ಹೆಂಚಿನ ಕಾರ್ಖಾನೆಯ ಚಿಮಣಿ ಲೈಟ್‌ಹೌಸ್ ಗುಡ್ಡೆಯ ತುದಿಗೆ ನೇರ ಬಂದಾಗ ದೋಣಿಯ ಕೆಳಗೆ ಇರುವ ಕಲ್ಲು. ಮಾಟೆಗಳು ಹದಿನಾಲ್ಕು. ಪ್ರತಿ ಮಾಟೆಗೆ ಒಂದೊಂದು ಮುರು.'"

"ಚಿಮಣಿ ಗುಡ್ಡೆಗೆ ನೇರ ಬಂದ್ರೆ ಅದು ಬೋಳುಪಾದೆ, ಇನ್ಸ್‌ಪೆಟ್ರೆ." ದೇಯಿ ಮೀನು ಕೊಯ್ಯುವ ಮಣೆಯ ಮೇಲೆ ಅಂಗೈ ಉಜ್ಜಿ ತೋರಿಸಿದಳು. "ಈ ಮಣೆಯ ಹಾಗೆ ಸಪಾಟು. ಒಂದು ಬಿರುಕಿಲ್ಲ, ಮೀನು ಹೊಗುವ ಒಂದು ಮಾಟೆ ಇಲ್ಲ. ಮುರು ಅಲ್ಲಿ ಎಲ್ಲಿ ಕೂತ್ಕೊಳ್ತದೆ, ನಿಮ್ಮ ಕುರ್ಚಿ ಹಾಕ್ತೀರಾ?"

"ಮುರುವಿಗೆ ಮಾಟೆಯೇ ಬೇಕಾ?"

"ಮುರು ಅಂದ್ರೆ ಮನೆ ಬಿಡದ ಮೀನು. ಒಂದು ಮಾಟೆ ಹಿಡಿದ್ರೆ ಮುಗೀತು. ಅದರ ಬಾಗಿಲಲ್ಲೇ ಕೂತು ಹೋಗುವವರನ್ನು ಬರುವವರನ್ನು ನೋಡ್ತದೆ, ಜಗಲಿಯ ಮುದುಕನ ಹಾಗೆ. ಕಾಣೆ ಮೀನಿಗೆ ಮರಳು ಬೇಕು, ನಂಗಿಗೆ ಕೆಸರು ಬೇಕು, ಮುರುವಿಗೆ ಮಾಟೆ ಬೇಕು. ನಮ್ಮ ಬೆಂಗ್ರೆಯಲ್ಲಿ ಹಲ್ಲು ಬಾರದ ಮಗುವಿಗೂ ಗೊತ್ತುಂಟು ಇದು."

"ಹಾಗಾದರೆ ಹದಿನಾಲ್ಕು ಮುರು ಇರುವುದು ಎಲ್ಲಿ?"

ದೇಯಿ ದನಿ ತಗ್ಗಿಸಿದಳು. "ಅಜ್ಜಿಪಾದೆಯಲ್ಲಿ. ಬೋಳುಪಾದೆಯಿಂದ ಬಡಗು ದಿಕ್ಕಿಗೆ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಹುಟ್ಟು ಹಾಕ್ಬೇಕು. ನಾವು ಅಲ್ಲಿ ಬಲೆ ಬಿಡುವುದಿಲ್ಲ. ಗಾಳ ಹಾಕಿದ್ರೂ ಮುರುವಿನ ಹೊಟ್ಟೆಯಲ್ಲಿ ಮೊಟ್ಟೆ ಇರುವ ತಿಂಗಳಲ್ಲಿ ಇಲ್ಲ. ಅಜ್ಜಿಯಂದಿರು ಹೇಳಿದ್ದು. ಅದೆಲ್ಲ ಸರಿ ಅಂತ ಲೆಕ್ಕ ಮಾಡಿ, ಪುಸ್ತಕದಲ್ಲಿ ಬರೆದು, ಕಲೆಕ್ಟರ್ರಿಗೆ ಅರ್ಜಿ ಕಳಿಸಿದವರು ನಮ್ಮ ಮಾಷ್ಟ್ರು ಒಬ್ಬರೇ. 'ತೋಟೆ ಬಿದ್ದ ಕಲ್ಲು ಇಪ್ಪತ್ತು ವರ್ಷ ಬಂಜೆ' ಅಂತ ಬರೆದ್ರಂತೆ. ಅದಕ್ಕೆ ಬೆಂಗ್ರೆಯ ಗಂಡಸರೆಲ್ಲ ಹೆಬ್ಬೆಟ್ಟು ಒತ್ತಿದ್ದಾರೆ. ಅಂಥವರಿಗೆ ನನ್ನ ಮಗ ತೋಟೆ ಹಾಕ್ತಾನಾ?"

ಪಿಯುಸ್ ಅವರ ಕಣ್ಣು ನೋಟುಪುಸ್ತಕದ ಅದೇ ಸಾಲಿನಲ್ಲಿ ನಿಂತಿತ್ತು.

ತೋಟೆ ಸಿಡಿದದ್ದು ಬೋಳುಪಾದೆಯಲ್ಲಿ. ಪೊಲೀಸರ ವರದಿಯಲ್ಲೂ ಹಾಗೆಯೇ ಇತ್ತು. ಅದು ಬೋಳು ಎಂಬುದು ಮಾತ್ರ ಬರೆದ ಪೊಲೀಸರಿಗೆ ಗೊತ್ತಿರಲಿಲ್ಲ, ಓದಿದ ಪಿಯುಸ್ ಅವರಿಗೂ ಗೊತ್ತಿರಲಿಲ್ಲ.

ಮೀನಿಲ್ಲದ ಕಲ್ಲಿಗೆ ಬೆಂಗ್ರೆಯವನು ತೋಟೆ ಹಾಕುವುದಿಲ್ಲ. ಹಾಕಿದವನು ಹೊರಗಿನವನು. ಅಲ್ಲಿ ಹದಿನಾಲ್ಕು ಮುರು ಉಂಟೆಂದು ನಂಬಿದವನು. ಹಾಗೆಂದು ಹೇಳುವುದು ಲೋಕದಲ್ಲಿ ಈ ಒಂದು ನೋಟುಪುಸ್ತಕ ಮಾತ್ರ.

"ದೇಯಕ್ಕ," ಎಂದರು ಪಿಯುಸ್, "ನಿಮ್ಮಿಂದ ದೊಡ್ಡ ಉಪಕಾರವಾಯ್ತು."

"ನನ್ನಿಂದ ಎಂತ ಉಪಕಾರ, ಮಾರಾಯ್ರೆ! ಇದರಿಂದ ನನ್ನ ಮಗನಿಗೆ ಒಳ್ಳೆದುಂಟಾ?"

"ಸಾಯಂಕಾಲದ ಒಳಗೆ ಹೇಳ್ತೇನೆ."

ಅವರು ಬಸ್ಸಿಗೆ ನಡೆದರು. ಏಳು ವರ್ಷದ ಹಿಂದೆ, ಹೆಂಡತಿ ತೀರಿಹೋದ ಮೊದಲ ಮಳೆಗಾಲ, ಅವರು ಟೈಫಾಯ್ಡ್ ಬಂದು ಒಬ್ಬರೇ ಮಲಗಿದ್ದಾಗ ಹದಿನೆಂಟು ದಿನ ಹಿತ್ತಿಲ ಬಾಗಿಲಿಗೆ ಗಂಜಿ ತಂದಿಟ್ಟವಳು ಇದೇ ದೇಯಿ. ಆ ಋಣ ತನ್ನ ಕಣ್ಣಿಗೆ ಪೊರೆ ಕಟ್ಟಿದೆಯೋ ಎಂದು ಅವರು ಈ ಒಂಬತ್ತು ದಿನಗಳಲ್ಲಿ ಹಲವು ಸಲ ತಮ್ಮನ್ನೇ ಕೇಳಿಕೊಂಡಿದ್ದರು. ಇವತ್ತು ಮನಸ್ಸು ಹಗುರವಾಗಿತ್ತು. ಇದು ಋಣವಲ್ಲ, ಸಾಕ್ಷ್ಯ.

ಒಂದೇ ಒಂದು ಮುಳ್ಳು ಉಳಿದಿತ್ತು. ಎಲ್ಲ ಗೊತ್ತಿದ್ದ ಯೂಸ್ಟೇಸ್ ತಪ್ಪು ಬರೆದದ್ದು ಏಕೆ?

*

ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಗೆರ್ಟ್ರೂಡ್ ಲೋಬೊ ತಮ್ಮನ ಹಣೆಯ ಬಟ್ಟೆ ಬದಲಿಸುತ್ತಿದ್ದರು. ಅದೇ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದವರು. ಪಾಳಿ ಮುಗಿದ ಮೇಲೂ ಬಿಳಿ ಉಡುಪು ಬದಲಿಸದೆ ಇಲ್ಲೇ ಇರುತ್ತಿದ್ದರು.

"ಜ್ವರ ಇಳಿದಿದೆ, ಪಿಯುಸಾಬ್," ಎಂದರು. ಹಿರಿಯರನ್ನು ಹಾಗೆ ಕರೆಯುವುದು ಅವರ ಕೊಂಕಣಿಯ ರೂಢಿ. "ಡಾಕ್ಟರು ಇವತ್ತು ಮೊದಲ ಸಲ ನಕ್ಕರು. ಎರಡೂ ಕಿವಿಯ ತಮಟೆ ಹರಿದಿದೆ, ಕೇಳುವುದು ಸಂಶಯ. ಆದರೆ ಜೀವ ಉಳೀತದೆ ಅಂದರು. ದೇವರಿಗೆ ಎಷ್ಟು ಸಲ ದೇವ್ ಬರೆಂ ಕರುಂ ಹೇಳಿದರೂ ಸಾಲದು."

"ದೇವರ ನಂತರ ಮೋಹನನಿಗೆ," ಎಂದರು ಪಿಯುಸ್.

"ಹೌದು. ಆ ಹುಡುಗ ಇವನನ್ನು ನೀರಿನಿಂದ ಎಳೆದು, ಒಬ್ಬನೇ ಹುಟ್ಟು ಹಾಕಿ, ಬಂದರಿನಿಂದ ಹೆಗಲ ಮೇಲೆ ಹೊತ್ತು ತಂದ. ನಾನೇ ಬಾಗಿಲಲ್ಲಿ ನಿಂತಿದ್ದೆ. ಅವನ ಬೆನ್ನಿನ ತುಂಬ ಇವನ ಕಿವಿಯ ರಕ್ತ." ಗೆರ್ಟ್ರೂಡ್ ಬಟ್ಟೆಯನ್ನು ಹಿಂಡಿದರು. "ಅವನ ದೋಣಿಯಲ್ಲಿ ತೋಟೆಯ ಬತ್ತಿ ಸಿಕ್ಕಿತು ಅಂತ ಪೊಲೀಸರು ಹೇಳಲಿ. ನೀರಿನಲ್ಲಿ ತೇಲುತ್ತಿದ್ದದ್ದನ್ನು ಎತ್ತಿಟ್ಟೆ ಅಂತ ಅವನು ಹೇಳ್ತಾನಲ್ಲ? ನಾನು ಅವನನ್ನು ನಂಬ್ತೇನೆ."

"ನಂಬಿಕೆ ಸಾಕಾಗುವುದಿಲ್ಲ, ಗೆರ್ಟ್ರೂಡ್. ನೀವು ಯೂಸ್ಟೇಸನ ಹಳೆಯ ನೋಟುಪುಸ್ತಕ ಮನೆಯಲ್ಲಿ ಉಂಟು ಅಂದಿರಲ್ಲ, ತಂದಿದ್ದೀರಾ?"

ಅವರು ಕೈಚೀಲದಿಂದ ತೆಗೆದುಕೊಟ್ಟರು. ಪಿಯುಸ್ ಎರಡೂ ಪುಸ್ತಕಗಳನ್ನು ಕಿಟಕಿಯ ಬಳಿ ಬೆಳಕಿಗೆ ಹಿಡಿದರು.

ಹಳೆಯದು ನಾಲ್ಕು ವರ್ಷದ್ದು. ನವೆಂಬರಿನಿಂದ ಫೆಬ್ರವರಿ ತನಕ, ನೀರು ತಿಳಿಯಾಗಿರುವ ಕಾಲದ ಪ್ರತಿ ಭಾನುವಾರ, ಯೂಸ್ಟೇಸ್ ತಗಡಿನ ಡಬ್ಬಿಗೆ ಗಾಜು ಕೂರಿಸಿ ಅದರೊಳಗಿಂದ ಸಮುದ್ರದ ತಳ ನೋಡಿದ್ದ. ಬೇಕಾದಲ್ಲಿ ರಬ್ಬರಿನ ಮುಖವಾಡ ಹಾಕಿ ಇಳಿದಿದ್ದ. ಯಾವ ಮೀನು ಕಲ್ಲಿನ ನೆತ್ತಿಯ ಪಾಚಿಯಲ್ಲಿ, ಯಾವುದು ಚಾಚಿದ ಬಂಡೆಯ ನೆರಳಿನಲ್ಲಿ, ಯಾವುದು ಆಳದ ಮಾಟೆಯಲ್ಲಿ ಎಂದು ಪುಟ ಪುಟ ಬರೆದಿದ್ದ. ಒಂದು ಕಡೆ ಹೀಗಿತ್ತು: 'ಏಳನೆಯ ಮಾಟೆಯ ಮುರು ಮೂರನೆಯ ವರ್ಷವೂ ಅಲ್ಲೇ. ಬಲ ಕೆನ್ನೆಯಲ್ಲಿ ಗಾಯದ ಗುರುತು. ನನ್ನನ್ನು ಕಂಡು ಹೆದರುವುದಿಲ್ಲ.'

ಹಳೆಯ ಪುಸ್ತಕದಲ್ಲಿ ಆ ಹದಿನಾಲ್ಕು ಮುರುಗಳು ಅಜ್ಜಿಪಾದೆಯಲ್ಲೇ ಇದ್ದವು. ಈ ನವೆಂಬರಿನಲ್ಲಿ ಶುರುವಾದ ಹೊಸ ಪುಸ್ತಕದ ಡಿಸೆಂಬರಿನ ಪುಟಗಳಲ್ಲಿ ಎರಡು ಕಲ್ಲುಗಳ ಗುರುತು ಮಾತ್ರ ಅದಲುಬದಲಾಗಿತ್ತು. ಉಳಿದ ಒಂದಕ್ಷರವೂ ತಪ್ಪಿರಲಿಲ್ಲ.

"ಇದು ಕೈತಪ್ಪು ಅಲ್ಲ," ಎಂದರು ಪಿಯುಸ್. "ಬೇಕೆಂದೇ ಮಾಡಿದ್ದು."

ಗೆರ್ಟ್ರೂಡ್ ಥಟ್ಟನೆ ಎದ್ದು ನಿಂತರು. "ಕ್ರಿಸ್ಮಸಿಗೆ ನಾನು ನೆವ್ರಿ ಕರೀತಿದ್ದೆ. ಇವನು ಒಲೆಯ ಹತ್ತಿರ ಬಂದು, 'ಬಾಯ್, ನಾನು ಮುರುಗಳ ವಿಳಾಸ ಬದಲಾಯಿಸಿದ್ದೇನೆ' ಅಂದ. ನಗಾಡಿದ. ನನಗೆ ಎಂತದೂ ತಿಳೀಲಿಲ್ಲ. ಎಣ್ಣೆ ಹಾರ್ತದೆ, ದೂರ ಹೋಗು ಅಂದೆ."

"ಅದಕ್ಕಿಂತ ಮೊದಲು ಎಂತಾದರೂ ಆಗಿತ್ತಾ?"

"ನವೆಂಬರಿನಲ್ಲಿ. ಕೆಂಬೇರಿ ಮೀನಿನ ಒಂದು ಕಲ್ಲನ್ನು ಹೊಸತಾಗಿ ಕಂಡುಹಿಡಿದೆ ಅಂತ ಕುಣಿದಾಡಿದ. ಎರಡೇ ವಾರದಲ್ಲಿ ಯಾರೋ ಅಲ್ಲಿ ತೋಟೆ ಹಾಕಿದರು. ನೀರಿನ ಮೇಲೆಲ್ಲ ಅಕ್ಕಿ ಚೆಲ್ಲಿದ ಹಾಗೆ ಮರಿಮೀನುಗಳು ತೇಲುತ್ತಿದ್ದವಂತೆ. ಮನೆಗೆ ಬಂದು ಊಟ ಮಾಡಲಿಲ್ಲ. 'ಆ ಕಲ್ಲು ನನಗೆ ಮಾತ್ರ ಗೊತ್ತಿತ್ತು ಬಾಯ್, ಪುಸ್ತಕದಲ್ಲಿ ಮಾತ್ರ ಇತ್ತು' ಅಂದ."

ಪಿಯುಸ್ ಕನ್ನಡಕ ತೆಗೆದು ಒರೆಸಿಕೊಂಡರು. ಜೈಲಿನಲ್ಲಿ ಮೋಹನ ಹೇಳಿದ ಮಾತಿಗೆ ಈಗ ಅರ್ಥ ಬಂತು. ಆ ಭಾನುವಾರ ಮಾಷ್ಟ್ರು ಬೋಳುಪಾದೆಗೇ ಹೋಗುವ ಎಂದರಂತೆ. ಅಲ್ಲಿ ಎಂತ ಉಂಟು ಎಂದು ಮೋಹನ ಕೇಳಿದ್ದಕ್ಕೆ, 'ಮೀನು ನೋಡಲಿಕ್ಕಲ್ಲ ಮಾರಾಯ, ಮನುಷ್ಯರನ್ನು ನೋಡಲಿಕ್ಕೆ' ಎಂದಿದ್ದರಂತೆ.

ಯೂಸ್ಟೇಸ್ ಬಲೆ ಹಾಕಿದ್ದ. ಕಳ್ಳ ಪುಸ್ತಕ ಓದಿ, ಬರಡು ಕಲ್ಲಿಗೆ ಬರಲಿ, ಮುರುಗಳು ಉಳಿಯಲಿ ಎಂದು. ಕಳ್ಳ ಬಂದ. ಬೆಳಗಿನ ಮಬ್ಬಿನಲ್ಲಿ, ನೀರಿನೊಳಗಿದ್ದ ಮನುಷ್ಯನನ್ನು ಕಾಣದೆ ತೋಟೆ ಎಸೆದ. ಮುರುಗಳು ಉಳಿದವು. ಅವುಗಳನ್ನು ಉಳಿಸಿದವನು ಇಲ್ಲಿ ಬಿಳಿ ಹಾಸಿಗೆಯ ಮೇಲೆ ಮಲಗಿದ್ದ.

"ಪುಸ್ತಕ ಇಡುತ್ತಿದ್ದದ್ದು ಎಲ್ಲಿ?"

"ಕಾಲೇಜಿನ ಸ್ಪೆಸಿಮನ್ ರೂಮಿನ ಕಪಾಟಿನಲ್ಲಿ. ಕೀ ಎರಡು. ಒಂದು ಇವನ ಹತ್ತಿರ." ಗೆರ್ಟ್ರೂಡ್ ತಮ್ಮನ ಹೊದಿಕೆ ಸರಿಮಾಡಿದರು. "ಇನ್ನೊಂದು ಕಜೆಟನ್ ಹತ್ತಿರ. ಆದರೆ ಪಿಯುಸಾಬ್, ಅವನು ಸಾಧು."

*

ಕಜೆಟನ್ ಡಿಕೋಸ್ಟ ಆ ಕೋಣೆಯ ಅಟೆಂಡರ್ ಆಗಿ ಮೂವತ್ತು ವರ್ಷ ಕಳೆದಿದ್ದ. ಮೀನು, ಹಾವು, ಏಡಿಗಳ ಜಾಡಿಗಳನ್ನು ಒಂದೊಂದಾಗಿ ಇಳಿಸಿ ಒರೆಸುತ್ತಿದ್ದವನು ಪಿಯುಸ್ ಅವರನ್ನು ಕಂಡು ಸ್ಟೂಲು ಎಳೆದ.

"ಕೂತ್ಕೊಳ್ಳಿ. ಸರ್ ಹೇಗಿದ್ದಾರೆ?"

"ಜೀವ ಉಳೀತದಂತೆ."

"ದೇವಾ!" ಕಜೆಟನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಕಣ್ಣಲ್ಲಿ ನೀರು ಬಂತು. ಆ ನೀರು ಸುಳ್ಳಲ್ಲ ಎಂದು ಪಿಯುಸ್ ಅವರಿಗೆ ತಕ್ಷಣ ತಿಳಿಯಿತು. ಅದರಿಂದ ಮುಂದಿನ ಮಾತು ಇನ್ನಷ್ಟು ಕಷ್ಟವಾಯಿತು.

"ಕಜೆಟನ್, ಯೂಸ್ಟೇಸನ ಪುಸ್ತಕ ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ."

"ಎರಡು ಸಲ ಕೊಟ್ಟಿದ್ದಿ. ನವೆಂಬರಿನಲ್ಲಿ ಒಮ್ಮೆ, ಕ್ರಿಸ್ಮಸ್ ರಜೆಯಲ್ಲಿ ಇನ್ನೊಮ್ಮೆ."

"ಇಲ್ಲ ಇನ್ಸ್‌ಪೆಕ್ಟರ್ರೇ. ಕಪಾಟು ಯಾವಾಗಲೂ ಬೀಗದಲ್ಲೇ ಉಂಟು."

"ಬೀಗ ಒಡೆದಿಲ್ಲ, ನನಗೆ ಗೊತ್ತು. ಅದಕ್ಕೇ ನಿನ್ನ ಹತ್ತಿರ ಬಂದದ್ದು."

ಪಿಯುಸ್ ಜೇಬಿನಿಂದ ಮಡಚಿದ ಬಿಳಿ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಡಿಸಿದರು. ಅದರಲ್ಲಿ ಒಂದು ಚಿಟಿಕೆ ಕಪ್ಪು ಹುಡಿ.

"ನಿನ್ನೆ ಹೊಸ ಪುಸ್ತಕವನ್ನು ಈ ಬಟ್ಟೆಯ ಮೇಲೆ ಕೊಡವಿದೆ. ಹೊಲಿಗೆಯ ಸಂದಿನಿಂದ ಇದು ಬಿತ್ತು. ಮೂಸಿ ನೋಡು. ಫಾರ್ಮಲಿನ್ ಅಲ್ಲ. ಉಪ್ಪು ನೀರೂ ಅಲ್ಲ."

ಕಜೆಟನ್ ಮೂಸಲಿಲ್ಲ. ನೋಡಿದ ಅಷ್ಟೇ.

"ಕರಿಕಲ್ಲಿನ ಹುಡಿ," ಎಂದರು ಪಿಯುಸ್. "ಕೋರೆಯಲ್ಲಿ ಕಲ್ಲು ಒಡೆಯುವಾಗ ಹಾರುವುದು. ಕೋರೆಯಲ್ಲಿ ಕಲ್ಲು ಒಡೆಯುವುದು ಎಂತದರಲ್ಲಿ?"

ಕಜೆಟನ್ ಒಂದು ಜಾಡಿಯನ್ನು ಎತ್ತಿ ಮತ್ತೆ ಒರೆಸತೊಡಗಿದ.

"ತೋಟೆಯಲ್ಲಿ," ಎಂದ ಕಜೆಟನ್. ಜಾಡಿ ಅವನ ಕೈಯಿಂದ ಜಾರತೊಡಗಿತು. ಪಿಯುಸ್ ಎದ್ದು ಅದನ್ನು ಮೆಲ್ಲಗೆ ತೆಗೆದುಕೊಂಡು ಮೇಜಿನ ಮೇಲಿಟ್ಟರು.

"ಹೇಳು."

"ನನ್ನ ಮಗಳು ಎಸ್ತೆರ್ ನಿಮಗೆ ಗೊತ್ತುಂಟಲ್ಲ? ಕಳೆದ ಆಗಸ್ಟಿನಲ್ಲಿ ಹೆರಿಗೆಗೆ ಬಂದಿದ್ದಳು. ಆ ದಿನ ಹೊಳೆ ಉಕ್ಕಿ ನಮ್ಮ ಕಡೆಯ ರಸ್ತೆ ಮುಳುಗಿತ್ತು. ಬಸ್ಸಿಲ್ಲ, ಟ್ಯಾಕ್ಸಿಯವರು ಬರುವುದಿಲ್ಲ ಅಂದರು. ಮಗು ಅಡ್ಡ ಬಂದಿತ್ತು, ಪಿಯುಸಾಬ್. ಸೂಲಗಿತ್ತಿ ಕೈಬಿಟ್ಟಳು." ಅವನು ಗೋಡೆಯನ್ನು ನೋಡುತ್ತ ಮಾತಾಡಿದ. "ಆಗ ಕಲ್ಲುಕೋರೆಯ ಧಣಿ ಜಯಣ್ಣ ಜೀಪು ತಂದರು. ಕೇಳದೆಯೇ ಬಂದರು. ಅವರೇ ಓಡಿಸಿದರು, ಬಾಗಿಲ ತನಕ ನೀರು. ಎಸ್ತೆರ್ ಬದುಕಿದಳು. ಮಗು ಬದುಕಿತು. ಅವರು ಒಂದು ಲೋಟ ಕಾಫಿ ಕೂಡ ಕುಡೀಲಿಲ್ಲ."

"ಆಮೇಲೆ ಪುಸ್ತಕ ಕೇಳಿದರು."

"ಮೀನಿನ ವಿಷಯ ಓದುವ ಆಸೆ ಉಂಟು, ಒಂದು ದಿನಕ್ಕೆ ಕೊಡು ಅಂದರು. ಮಗಳನ್ನು ಉಳಿಸಿದವರಿಗೆ ಒಂದು ಪುಸ್ತಕ ಇಲ್ಲ ಅನ್ನುವುದು ಹೇಗೆ? ಅವರು ಕೋರೆಯವರು, ಸಮುದ್ರಕ್ಕೂ ಅವರಿಗೂ ಎಂತ ಅಂತ ಯೋಚಿಸಲೇ ಇಲ್ಲ."

"ಸರ್ ಆಸ್ಪತ್ರೆಗೆ ಬಂದ ಮೇಲೆ ಯೋಚಿಸಿದ್ದಿ."

"ಒಂಬತ್ತು ದಿನದಿಂದ ನಿದ್ದೆ ಇಲ್ಲ. ಹೇಳಿದರೆ ಜಯಣ್ಣನಿಗೆ ದ್ರೋಹ. ಹೇಳದಿದ್ದರೆ ಸರ್‌ಗೆ ದ್ರೋಹ. ಆ ಮೊಗವೀರರ ಹುಡುಗ ಜೈಲಿನಲ್ಲಿ. ನಾನು ಎಲ್ಲಿ ಹೋಗ್ಲಿ?"

ಪಿಯುಸ್ ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿತ್ತಿಲ ಬಾಗಿಲ ಗಂಜಿಯ ಪಾತ್ರೆ ನೆನಪಾಗಿ ಮನಸ್ಸು ಮೆತ್ತಗಾಯಿತು. ಆದರೂ ಹೇಳಬೇಕಾದದ್ದನ್ನು ಹೇಳಿದರು.

"ಉಪಕಾರ ತೀರಿಸಲಿಕ್ಕೆ ನಿನ್ನದನ್ನು ಕೊಡಬೇಕಿತ್ತು, ಕಜೆಟನ್. ಯೂಸ್ಟೇಸನದ್ದನ್ನಲ್ಲ."

ಕಜೆಟನ್ ಮುಖ ಮುಚ್ಚಿಕೊಂಡ. ಆಮೇಲೆ ತಾನೇ ಎದ್ದು, ಕಪಾಟಿನಿಂದ ಕಾಗದ ತೆಗೆದು, ಶಾಯಿ ಬಾಟಲಿ ಹತ್ತಿರ ಎಳೆದುಕೊಂಡ.

"ಹೇಳಿ, ಎಂತ ಬರೀಬೇಕು?"

"ನಡೆದದ್ದು. ಹೆಚ್ಚು ಬೇಡ, ಕಮ್ಮಿ ಬೇಡ."

ಎರಡು ಪುಟ ಬರೆದು ಸಹಿ ಹಾಕಿದ ಮೇಲೆ ಕಜೆಟನ್ ಅವರ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. "ದೇವ್ ಬರೆಂ ಕರುಂ, ಪಿಯುಸಾಬ್. ಬಂದು ಕೇಳಿದಿರಲ್ಲ. ಯಾರಾದರೂ ಬಂದು ಕೇಳಲಿ ಅಂತ ಕಾಯ್ತಾ ಇದ್ದೆ."

*

ಮಧ್ಯಾಹ್ನದ ಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಠಾಣೆಯ ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಎರಡು ಸಲ ಓದಿ, ಕೋರೆಗೆ ಇಬ್ಬರನ್ನು ಕಳುಹಿಸಿದರು. ಜಯಣ್ಣ ಅಲ್ಲಿರಲಿಲ್ಲ. ಮುಂಜಾನೆಯೇ ಘಟ್ಟದ ಮೇಲೆ ಹೋಗಿದ್ದಾರೆ, ಬರುವುದು ಯಾವಾಗ ಗೊತ್ತಿಲ್ಲ ಎಂದು ಕೆಲಸದವರು ಹೇಳಿದರಂತೆ.

ಮ್ಯಾಜಿಸ್ಟ್ರೇಟರು ಹೇಳಿಕೆ ಓದಿ ಮುಗಿಸಿದರು. "ಈ ಹುಡುಗನಿಗೆ ಜಾಮೀನು ಯಾರು?" ಎಂದರು.

"ನಾನು," ಎಂದರು ಪಿಯುಸ್.

"ಮೂವತ್ತು ವರ್ಷ ಆರೋಪಿಗಳನ್ನು ಇಲ್ಲಿಗೆ ಕರೆತಂದವರು ನೀವು. ಬಿಡಿಸಲು ಬಂದದ್ದು ಇದೇ ಮೊದಲು."

"ಹೌದು ಸ್ವಾಮಿ. ಇದೇ ಮೊದಲು."

ನಾಲ್ಕು ಗಂಟೆಗೆ ಸಬ್ ಜೈಲಿನ ಸಣ್ಣ ಬಾಗಿಲು ತೆರೆಯಿತು. ಮೋಹನದಾಸ ಬಗ್ಗಿ ಹೊರಗೆ ಬಂದ. ಇಪ್ಪತ್ತಾರು ವರ್ಷದ ಗಟ್ಟಿ ದೇಹ, ಒಂಬತ್ತು ದಿನದ ಗಡ್ಡ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತವನು ಪಿಯುಸ್ ಅವರನ್ನು ಕಂಡು ಕಾಲಿಗೆ ಬೀಳಲು ಬಂದ. ಅವರು ತೋಳು ಹಿಡಿದು ಎತ್ತಿದರು.

"ಬೇಡ ಮಾರಾಯ. ನಿನ್ನ ಅಮ್ಮನ ಗಂಜಿ ಕುಡಿದು ಬದುಕಿದವನು ನಾನು."

"ನೀವು ಮಾಡಿದ್ದನ್ನು ಸಾಯುವ ತನಕ ಮರೆಯುವುದಿಲ್ಲ," ಎಂದ ಮೋಹನ. ಆಮೇಲೆ ಕೇಳಿದ, "ಮಾಷ್ಟ್ರು ಮಾತಾಡಿದ್ರಾ?"

"ಇಲ್ಲ ಇನ್ನೂ. ಆದರೆ ಉಳೀತಾರೆ."

"ಎಂತದೂ ಹೇಳ್ಲಿಲ್ಲವಾ? ಒಂದು ಮಾತೂ?"

"ಇಲ್ಲ. ಬಾ, ಆಸ್ಪತ್ರೆಗೆ ಹೋಗಿ ನೋಡಿಯೇ ಹೋಗು. ಗೆರ್ಟ್ರೂಡ್ ಬಾಯಿ ನಿನ್ನನ್ನು ಕಾಯ್ತಾ ಇದ್ದಾರೆ."

ಮೋಹನ ತನ್ನ ಅಂಗಿಯನ್ನು ನೋಡಿಕೊಂಡ. "ಹೀಗೆಯಾ? ಸ್ನಾನ ಮಾಡಿ ನಾಳೆ ಬರ್ತೇನೆ. ಅಮ್ಮನ ಮುಖ ನೋಡ್ಬೇಕು ಮೊದಲು. ದೋಣಿ ಕಡವಿನ ತನಕ ನಡೆದೇ ಹೋಗ್ತೇನೆ, ಗಾಳಿ ಬೀಳ್ಲಿ ಮೈಗೆ."

ಅವನು ಬಂದರಿನ ಇಳಿಜಾರಿನಲ್ಲಿ ಬೀಸುಗಾಲು ಹಾಕಿ ಹೋಗುವುದನ್ನು ಪಿಯುಸ್ ನೋಡುತ್ತ ನಿಂತರು. ಇಷ್ಟು ವರ್ಷದ ಕೆಲಸದಲ್ಲಿ ಒಬ್ಬ ಮನುಷ್ಯನನ್ನು ಮನೆಗೆ ಕಳುಹಿಸಿದ ಸಂತೋಷ ಅವರಿಗೆ ಸಿಕ್ಕಿದ್ದು ಕಮ್ಮಿ. ದೇವರೇ, ಇದೊಂದು ದಿನ ಕೊಟ್ಟದ್ದೇ ಸಾಕು ಎಂದುಕೊಂಡರು.

*

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಗೆರ್ಟ್ರೂಡ್ ಓಡುತ್ತ ಎದುರು ಬಂದರು. ತಲೆಯ ಮೇಲಿನ ಬಿಳಿ ಟೋಪಿ ಜಾರಿತ್ತು.

"ಕಣ್ಣು ಬಿಟ್ಟ, ಪಿಯುಸಾಬ್! ನನ್ನನ್ನು ಗುರುತಿಸಿದ!"

ಯೂಸ್ಟೇಸ್ ದಿಂಬಿಗೆ ಒರಗಿದ್ದ. ಮುಖ ಬತ್ತಿತ್ತು, ಕಣ್ಣು ಮಾತ್ರ ಎಚ್ಚರವಾಗಿತ್ತು. ಪಿಯುಸ್ ಅವರ ತುಟಿ ಅಲುಗುವುದನ್ನು ನೋಡಿ, ಕಿವಿ ಮುಟ್ಟಿಕೊಂಡು ತಲೆಯಾಡಿಸಿದ. ಏನೂ ಕೇಳಿಸುತ್ತಿರಲಿಲ್ಲ. ಬಾಯಿ ತೆರೆದರೆ ಕೆಮ್ಮು ಬಿಟ್ಟು ಬೇರೆ ಸದ್ದು ಬರಲಿಲ್ಲ.

ಗೆರ್ಟ್ರೂಡ್ ಮಕ್ಕಳ ವಾರ್ಡಿನಿಂದ ಒಂದು ಸ್ಲೇಟು, ಬಳಪ ತಂದರು. ಪಿಯುಸ್ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು: 'ಮುರುಗಳು ಕ್ಷೇಮ. ಪುಸ್ತಕ ಕದ್ದವನು ಗೊತ್ತಾಯಿತು.'

ಯೂಸ್ಟೇಸನ ಕಣ್ಣಲ್ಲಿ ನೀರು ತುಂಬಿತು. ಕೈ ಜೋಡಿಸಲು ನೋಡಿದ, ಆಗಲಿಲ್ಲ. ಅಕ್ಕ ಅವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡರು. ಒಂದು ಕ್ಷಣ ಆ ಕೋಣೆಯಲ್ಲಿ ಮೂವರೂ ಅಳುತ್ತ ನಗುತ್ತಿದ್ದರು.

ಪಿಯುಸ್ ಸ್ಲೇಟು ಒರೆಸಿ, 'ಮೋಹನ' ಎಂದು ಬರೆಯಲು ಶುರುಮಾಡಿದರು. ಬಿಡುಗಡೆಯ ಸುದ್ದಿ ಹೇಳುವುದು ಅವರ ಆಸೆ. ಆ ಮೂರು ಅಕ್ಷರ ಮುಗಿಯುವ ಮೊದಲೇ ಯೂಸ್ಟೇಸ್ ಬಳಪವನ್ನು ಕಿತ್ತುಕೊಂಡ. ಸ್ಲೇಟಿನ ತುಂಬ ಓರೆ ಅಕ್ಷರಗಳಲ್ಲಿ ಗೀಚಿದ.

'ಮೋಹನನನ್ನು ಬಿಡಬೇಡಿ.'

ಗೆರ್ಟ್ರೂಡ್ ಜೋರಾಗಿ ಓದಿದರು. "ನೋಡಿ, ಅವನ ಕೈ ಬಿಡಬೇಡಿ ಅಂತ ಹೇಳ್ತಾನೆ. ಈ ಸ್ಥಿತಿಯಲ್ಲೂ ಅವನದೇ ಚಿಂತೆ!"

ಪಿಯುಸ್ ಸ್ಲೇಟನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕೈ ಬಿಡಬೇಡಿ ಎಂದೇ? ಅಥವಾ ಜೈಲಿನಿಂದ ಬಿಡಬೇಡಿ ಎಂದೇ?

ಅವರು ಬಳಪಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಯೂಸ್ಟೇಸನ ಬೆರಳು ಸಡಿಲವಾಗಿ ಬಳಪ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ಕಣ್ಣು ಮತ್ತೆ ಮುಚ್ಚಿತ್ತು. ಗೆರ್ಟ್ರೂಡ್ ನಾಡಿ ಹಿಡಿದು, "ದಣಿವು, ಹೆದರುವಂಥದ್ದು ಎಂತದೂ ಇಲ್ಲ," ಎಂದರು. "ನಾಳೆ ಎಬ್ಬಿಸುವ."

ಮೀನಿಲ್ಲದ ಕಲ್ಲಿಗೆ ಬೆಂಗ್ರೆಯವನು ತೋಟೆ ಹಾಕುವುದಿಲ್ಲ, ನಿಜ. ಮೀನಿಗಾಗಿಯಾದರೆ ಹಾಕುವುದಿಲ್ಲ. ಆ ಬೆಳಿಗ್ಗೆ ಬೋಳುಪಾದೆಯಲ್ಲಿ ತೋಟೆ ಬಿದ್ದದ್ದು ಮೀನಿಗಾಗಿಯೇ ಎಂದು ತನಗೆ ಹೇಳಿದವರು ಯಾರು?

ಜಾಮೀನು ಕಾಗದದ ಮೇಲಿನ ಸಹಿ ತಮ್ಮದು.

ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ದೇಯಿ ನಿಂತಿದ್ದಳು. ಒಗೆದ ಸೀರೆ, ತಲೆಗೆ ಹೂವು, ಕೈಯಲ್ಲಿ ಬಾಳೆಎಲೆ ಮುಚ್ಚಿದ ಬುಟ್ಟಿ. ಮುಖ ದೀಪದ ಹಾಗೆ ಬೆಳಗುತ್ತಿತ್ತು.

"ಮಾಷ್ಟ್ರಿಗೆ ಗಂಜಿಯ ಜೊತೆ ಕೊಡ್ಲಿಕ್ಕೆ ಕಾಣೆ ಮೀನು ತಂದಿದ್ದೇನೆ. ಇನ್ಸ್‌ಪೆಟ್ರೆ, ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸ್ಲಿ ನಾನು?"

"ಮೋಹನ ಮನೆಗೆ ಬಂದನಾ, ದೇಯಕ್ಕ?"

"ಕಡವಿನಲ್ಲಿ ಕಾದೆ, ಬರ್ಲಿಲ್ಲ ಇನ್ನೂ. ಬರ್ತಾನೆ ಬಿಡಿ. ದೋಣಿಯ ಮೊಯ್ದೀನಬ್ಬ ಕಣ್ಣಾರೆ ನೋಡಿದನಂತೆ, ಬಂದರಿನ ರಸ್ತೆಯಲ್ಲಿ ಕೋರೆಯ ಜಯಣ್ಣನ ಜೀಪು ಬರ್ತಾ ಇತ್ತಂತೆ. ನಮ್ಮ ಮೋಹನನೇ ಕೈ ಅಡ್ಡ ಹಿಡಿದು ನಿಲ್ಲಿಸಿ, ಮುಂದಿನ ಸೀಟಿನಲ್ಲಿ ಹತ್ತಿ ಕೂತನಂತೆ." ದೇಯಿ ಬುಟ್ಟಿಯನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಜೈಲಿನಿಂದ ಬಂದವನನ್ನು ಜೀಪಿನಲ್ಲಿ ಕೂರಿಸಿಕೊಳ್ಳುವವರು ಯಾರುಂಟು ಈ ಊರಲ್ಲಿ? ಒಳ್ಳೆಯ ಜನ, ಅಲ್ವಾ ಇನ್ಸ್‌ಪೆಟ್ರೆ?"